ಪಕ್ಕದ ಮನೆಯ ಮರಿ

ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಲ್ಲಿ ನಾಲೆ ದಾಟಿದ ಮೇಲೆ ಸಿಗುವ ಊರು ಆಲದಕೊಪ್ಪಲು. ಆ ಊರಿನ ಹಾಲಿನ ಡೇರಿಯಲ್ಲಿ ಚಿಕ್ಕಸ್ವಾಮಿ ಟೆಸ್ಟರ್ ಆಗಿದ್ದ. ಬೆಳಗ್ಗೆ ಸಂಜೆ ಜನ ತಂದ ಹಾಲಿನ ಡಿಗ್ರಿ ನೋಡುವುದು, ನೀರು ಬೆರೆಸಿದ್ದರೆ ವಾಪಸು ಕಳಿಸುವುದು ಅವನ ಕೆಲಸ. ಒಡಹುಟ್ಟಿದ ಅಣ್ಣನ ಮನೆಯಿಂದ ಬಂದ ಹಾಲನ್ನೂ ಒಂದು ಸಲ ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ವಾಪಸು ಕಳಿಸಿದ್ದ. ಅಣ್ಣನ ಮನೆಯವರು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು. ಆದರೆ ಊರಿನಲ್ಲಿ ಅವನ ಮಾತಿಗೆ ಬೆಲೆ ಬಂತು. ಬದುವಿನ ಜಗಳವಾದರೂ ಸರಿ, ನೀರಿನ ಸರದಿಯ ತಕರಾರಾದರೂ ಸರಿ, "ಚಿಕ್ಕಸ್ವಾಮಿ ಏನಂದಾನು ಕೇಳ್ರಲಾ, ಅವ್ನು ಸುಳ್ಳೇಳಕಿಲ್ಲ" ಎನ್ನುತ್ತಿದ್ದರು.

ಆ ಬೆಲೆಯ ಜೊತೆಗೆ ಇನ್ನೊಂದೂ ಬಂದಿತ್ತು. ಅವನು ಹೋಟೆಲಿನ ಬೆಂಚಿನ ಮೇಲೆ ಕೂತರೆ ಅಲ್ಲಿಯವರೆಗೆ ನಗುತ್ತಿದ್ದವರು ಸುಮ್ಮನಾಗುತ್ತಿದ್ದರು. ಮಗ ಲೋಕೇಶ್ ಮಂಡ್ಯದಲ್ಲಿ ಐಟಿಐ ಓದುತ್ತಿದ್ದ. ಶನಿವಾರ ಬಂದರೆ ಅಪ್ಪನ ಎದುರಿಗೆ ನಿಂತು ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಅಡುಗೆಮನೆಗೆ ಹೋಗಿ ಅವ್ವನ ಜೊತೆ ಮಾತಾಡುತ್ತಿದ್ದ. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋದೆ ಎಂದು ಸುಳ್ಳು ಹೇಳಿ ನಾಲೆಯಲ್ಲಿ ಈಜಲು ಹೋಗಿದ್ದಕ್ಕೆ ಅವನಿಗೆ ಬಿದ್ದ ಏಟು ಊರಿಗೆಲ್ಲ ಗೊತ್ತಿತ್ತು. ಹೆಂಡತಿ ಜಯಲಕ್ಷ್ಮಮ್ಮ ಮಾತ್ರ ಅವನಿಗೆ ಹೆದರುತ್ತಿರಲಿಲ್ಲ. ಆದರೆ ಅವಳಿಗೂ ಅವನ ಜೊತೆ ಆಡಲು ಹೆಚ್ಚು ಮಾತು ಉಳಿದಿರಲಿಲ್ಲ.

ತೊಂಬತ್ತಾರನೇ ಇಸವಿಯ ಬೇಸಿಗೆ ಮುಗಿಯುತ್ತಿದ್ದಾಗ ದನದ ಡಾಕ್ಟರು ಶಿವಶಂಕರ್ ಒಂದು ದಿನ ಬೈಕಿನ ಮುಂದೆ ರಟ್ಟಿನ ಡಬ್ಬ ಇಟ್ಟುಕೊಂಡು ಬಂದರು. ಡಬ್ಬದೊಳಗೆ ಕಂದುಬಣ್ಣದ, ಉದ್ದ ಕಿವಿಯ ಒಂದು ನಾಯಿಮರಿ ಇತ್ತು. ಸ್ಪೇನಿಯಲ್ ಜಾತಿಯಂತೆ. ಬೆಳಗೊಳದ ಹತ್ತಿರದ ಕ್ವಾರ್ಟರ್ಸಿನಲ್ಲಿದ್ದ ಎಂಜಿನಿಯರೊಬ್ಬರಿಗೆ ರಾಯಚೂರಿಗೆ ವರ್ಗವಾಗಿ, ಉಳಿದ ಮರಿಗಳನ್ನೆಲ್ಲ ಅವರಿವರಿಗೆ ಕೊಟ್ಟು, ಇದೊಂದನ್ನು ಡಾಕ್ಟರ ಕೈಗೆ ಹಾಕಿ ಹೋಗಿದ್ದರು.

"ಚಿಕ್ಕಸ್ವಾಮಿಯವರೇ, ಇದಕ್ಕೊಂದು ಒಳ್ಳೆ ಮನೆ ಸಿಗೋವರೆಗೆ ನೀವು ಇಟ್ಕೋಬೇಕು. ನಮ್ಮ ಮನೆ ಓನರಿಗೆ ನಾಯಿ ಕಂಡ್ರಾಗಲ್ಲ," ಎಂದರು ಡಾಕ್ಟರು.

"ನಾವು ನಾಯೀನ ಒಳಕ್ಕೆ ಸೇರ್ಸೋ ಜನ ಅಲ್ಲ ಡಾಕ್ಟ್ರೇ. ಕೊಟ್ಟಿಗೇಲಿ ಇರ್ಲಿ ಬೇಕಾರೆ."

"ಸಾಕು. ಬೇರೆಯೋರಿಗೆ ಕೊಟ್ರೆ ಹಚ್ಕೊಂಡುಬಿಡ್ತಾರೆ, ಆಮೇಲೆ ಕೊಡೋಕೆ ಒಪ್ಪಲ್ಲ. ನಿಮ್ಮ ಹತ್ರ ಆ ಭಯ ಇಲ್ಲ," ಎಂದು ಡಾಕ್ಟರು ನಕ್ಕರು. ಅದು ಹೊಗಳಿಕೆಯೋ ಅಲ್ಲವೋ ಎಂದು ಚಿಕ್ಕಸ್ವಾಮಿಗೆ ತಿಳಿಯಲಿಲ್ಲ.

ಮರಿ ಕೊಟ್ಟಿಗೆಯಲ್ಲಿ ನಿಂತದ್ದು ಒಂದೆರಡು ದಿನ ಅಷ್ಟೆ. ಅದರ ಕಿವಿಗಳು ಎಷ್ಟು ಉದ್ದವೆಂದರೆ ಬಟ್ಟಲಿಗೆ ಬಾಯಿ ಹಾಕಿದರೆ ಬಾಯಿಗಿಂತ ಮೊದಲು ಕಿವಿ ಹಾಲಿಗೆ ಬೀಳುತ್ತಿತ್ತು. ಆಮೇಲೆ ಆ ಕಿವಿಗೆ ಇರುವೆ ಮುತ್ತುತ್ತಿತ್ತು. ಅದನ್ನು ನೋಡಲಾರದೆ ಚಿಕ್ಕಸ್ವಾಮಿ ಕುಕ್ಕರಗಾಲಿನಲ್ಲಿ ಕೂತು, ಅದು ಹಾಲು ಕುಡಿದು ಮುಗಿಸುವವರೆಗೆ ಎರಡೂ ಕಿವಿಗಳನ್ನು ಎತ್ತಿ ಹಿಡಿದುಕೊಳ್ಳತೊಡಗಿದ. ಸಂಜೆ ಡೇರಿಯಿಂದ ಬಂದರೆ ಅದು ಬೇಲಿಯ ಪಕ್ಕದಲ್ಲೆಲ್ಲ ನುಗ್ಗಿ ಮೈಗೆಲ್ಲ ಉತ್ತರಾಣಿ ಮುಳ್ಳು ಅಂಟಿಸಿಕೊಂಡು ಕಾಯುತ್ತಿರುತ್ತಿತ್ತು. ಅವನು ಜಗಲಿಯ ಮೇಲೆ ಕೂತು ಒಂದೊಂದೇ ಮುಳ್ಳು ಬಿಡಿಸುತ್ತ, ಅವತ್ತು ಯಾರ ಹಾಲು ಎಷ್ಟು ಡಿಗ್ರಿ ಬಂತು, ಯಾರು ಏನು ಜಗಳ ತೆಗೆದರು ಎಂದೆಲ್ಲ ಅದಕ್ಕೆ ಹೇಳುತ್ತಿದ್ದ.

"ನನ್ ಕೂಡೆ ಇಷ್ಟು ಮಾತಾಡಿ ಏಸು ವರ್ಸ ಆಯ್ತು?" ಎಂದಳು ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು.

ಅವನಿಗೆ ನಾಚಿಕೆಯಾಯಿತು. ಆದರೆ ಮಾರನೇ ದಿನವೂ ಅದನ್ನೇ ಮಾಡಿದ. ಕಿವಿ ಜೋಲುತ್ತದೆಂದು 'ಜೋಲ' ಎಂದು ಕರೆಯುತ್ತಿದ್ದ. ಯಾರಾದರೂ ಎದುರಿಗಿದ್ದರೆ ಮಾತ್ರ 'ಮರಿ' ಎನ್ನುತ್ತಿದ್ದ.

ಮರಿಯನ್ನು ಕೇಳಿಕೊಂಡು ಮೊದಲು ಬಂದವನು ಕೆ.ಆರ್.ಪೇಟೆಯ ಒಬ್ಬ ಅಕ್ಕಿ ಗಿರಣಿಯ ಸಾಹುಕಾರ. ಗೇಟಿನ ಹತ್ತಿರ ಸರಪಳಿ ಹಾಕಿ ಕಟ್ಟುತ್ತೇನೆ, ಬೊಗಳಿದರೆ ಸಾಕು ಎಂದ. ಚಿಕ್ಕಸ್ವಾಮಿ ಕೊಡುವುದಿಲ್ಲ ಎಂದ. ಡಾಕ್ಟರೂ "ಸರಿಯಾಗಿ ಮಾಡಿದ್ರಿ" ಎಂದರು. ಎರಡನೆಯವರು ಶ್ರೀರಂಗಪಟ್ಟಣದ ಒಬ್ಬ ರಿಟೈರ್ಡ್ ಮೇಷ್ಟ್ರು. ಒಳ್ಳೆಯ ಮನುಷ್ಯ. "ನಿಮ್ಮನೆ ನದಿ ಪಕ್ಕದಲ್ಲದೆ. ಇದು ನೀರು ಕಂಡ್ರೆ ಧುಮುಕ್ತದೆ, ಕೊಚ್ಕಂಡೋಗುತ್ತೆ," ಎಂದು ಹೇಳಿ ಅವರನ್ನೂ ಕಳಿಸಿಬಿಟ್ಟ. ಚಿಕ್ಕಸ್ವಾಮಿಯ ಮನೆಯ ಹಿಂದೆಯೇ ನಾಲೆ ತುಂಬಿ ಹರಿಯುತ್ತಿರುವುದು ಆ ಮೇಷ್ಟ್ರಿಗೂ ಕಾಣುತ್ತಿತ್ತು. ಜಯಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಅವನು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದ.

ಅದಾದ ಮೇಲೆ ಡಾಕ್ಟರು ನಾಗಮಂಗಲದ ಒಂದು ಮನೆಯ ವಿಷಯ ತಂದರು. ಕೆಂಪಣ್ಣ ಎಂದು, ಲೈನ್‌ಮನ್. ಹೆಂಡತಿ ಪ್ರಮೀಳಾ. ಒಬ್ಬಳೇ ಮಗಳು ಮಾನಸ, ಒಂಬತ್ತು ವರ್ಷದವಳು. ಅವಳಿಗೆ ಕೀಲು ಬಾವು ಬಂದು ಜ್ವರ ಹೃದಯಕ್ಕೆ ತಗುಲಿದೆ, ಓಡಬಾರದು ಆಡಬಾರದು ಎಂದು ಡಾಕ್ಟರುಗಳು ಹೇಳಿದ್ದಾರೆ. ಸ್ಕೂಲು ಬಿಟ್ಟು ಮನೆಯಲ್ಲೇ ಮಲಗಿದ್ದಾಳೆ. ಜೊತೆಗೊಂದು ಮರಿ ಇದ್ದರೆ ಮಗು ಸ್ವಲ್ಪ ಗೆಲುವಾದೀತು. ಭಾನುವಾರ ಬರುತ್ತಾರೆ.

ಚಿಕ್ಕಸ್ವಾಮಿ ಆ ವಾರವೆಲ್ಲ ಆ ಮನೆಯಲ್ಲಿ ಒಂದು ಕೊರತೆ ಹುಡುಕಿದ. ಕೆಂಪಣ್ಣ ಕುಡಿಯುತ್ತಾನೇನೋ ಎಂದು ನಾಗಮಂಗಲದ ಬಸ್ಸಿನ ಕಂಡಕ್ಟರನನ್ನು ವಿಚಾರಿಸಿದ. "ಅಯ್ಯೋ, ಬೀಡೀನೂ ಮುಟ್ಟಕಿಲ್ಲ ಆ ಪುಣ್ಯಾತ್ಮ. ಮಳೇಲಿ ಕರೆಂಟ್ ಹೋದ್ರೂ ಬಂದು ಕಂಬ ಹತ್ತಿ ಸರಿ ಮಾಡ್ಕೊಟ್ಟು ಹೋಯ್ತಾನೆ," ಎಂದ ಕಂಡಕ್ಟರ್. ಕೊರತೆ ಸಿಗಲಿಲ್ಲ.

ಭಾನುವಾರ ಬಸ್ಸು ಹೊಂಗೆಮರದ ಹತ್ತಿರ ನಿಂತು ಗಂಡಹೆಂಡಿರಿಬ್ಬರು ಇಳಿದದ್ದು ಚಿಕ್ಕಸ್ವಾಮಿಗೆ ಜಗಲಿಯಿಂದಲೇ ಕಂಡಿತು. ಅವನು ಮರಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಸೌದೆ ಕೋಣೆಯೊಳಗೆ ಬಿಟ್ಟು ಅಗುಳಿ ಹಾಕಿದ.

"ಅದ್ಯಾಕೆ ಅಲ್ಲಿ ಕೂಡಾಕ್ತಿದ್ದೀರಿ? ಅವ್ರು ಬಂದ್ರಲ್ಲ," ಎಂದಳು ಜಯಲಕ್ಷ್ಮಮ್ಮ.

"ನೀನು ಸುಮ್ಕಿರು. ಕಾಪಿ ಮಾಡು ಹೋಗು."

ಕೆಂಪಣ್ಣ ಬಿಸಿಲಿಗೆ ಕಪ್ಪಾದ, ಮೆತ್ತಗೆ ಮಾತಾಡುವ ಆಳು. ಪ್ರಮೀಳಾಳ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಕೂತ ತಕ್ಷಣ ಅವಳು ಚೀಲದಿಂದ ಮಾಸಿದ ಹಳೆಯ ಹೊದಿಕೆಯ ತುಂಡೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಮಗಳು ಹೊದ್ಕೊಂಡಿದ್ದು ಇದು. ಮರಿಗೆ ಮೂಸಿಸಿ, ಇದ್ರಲ್ಲೇ ಸುತ್ಕೊಂಡು ಬನ್ನಿ, ಆಗ ನಾನು ಗುರ್ತಾಯ್ತೀನಿ ಅಂದ್ಲು," ಎಂದು ನಕ್ಕಳು. "ಬೆಳಿಗ್ಗೆಯಿಂದ ಬಾಗ್ಲು ನೋಡ್ಕಂಡು ಕೂತವ್ಳೆ."

ಚಿಕ್ಕಸ್ವಾಮಿ ಗಂಟಲು ಸರಿಮಾಡಿಕೊಂಡ. "ನೀವು ಬರಾದು ತಡ ಆಯ್ತು. ನೆನ್ನೆ ತಾನೇ ಕೊಟ್ಬುಟ್ಟೆ. ಕೆ.ಆರ್.ಪೇಟೆ ಕಡೆಯೋರು ಬಂದಿದ್ರು."

ಮಾತು ತಡವರಿಸದೆ ಬಂತು. ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು. ಕಾಫಿ ತಂದ ಜಯಲಕ್ಷ್ಮಮ್ಮ ಹೊಸ್ತಿಲ ಮೇಲೆಯೇ ನಿಂತಳು.

ಕೆಂಪಣ್ಣ ಹೆಂಡತಿಯ ಕಡೆ ನೋಡಿದ. ಪ್ರಮೀಳಾ ತೊಡೆಯ ಮೇಲಿನ ಹೊದಿಕೆಯನ್ನು ಸವರಿದಳು. ಆಮೇಲೆ, "ಒಳ್ಳೆ ಜನಾನಾ ಅಣ್ಣ?" ಎಂದು ಕೇಳಿದಳು.

"ಊಂ. ಒಳ್ಳೆ ಜನ."

"ಸದ್ಯ. ಮರಿಗೆ ಒಳ್ಳೆ ಮನೆ ಸಿಕ್ತಲ್ಲ," ಎಂದು ಅವಳು ಹೊದಿಕೆಯ ತುಂಡನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿದಳು.

ಆಗ ಹಿತ್ತಿಲಿನಿಂದ ಮರಿ ಕುಂಯ್‌ಗುಟ್ಟಿತು. ಒಂದು ಸಲವಲ್ಲ, ಬಿಡದೆ. ಬಾಗಿಲನ್ನು ಕೆರೆಯುವ ಸದ್ದೂ ಕೇಳಿಸಿತು. ಜಗಲಿಯಲ್ಲಿದ್ದ ನಾಲ್ವರಿಗೂ ಕೇಳಿಸಿತು.

"ಪಕ್ಕದ ಮನೆಯೋರ ಮರಿ," ಎಂದ ಚಿಕ್ಕಸ್ವಾಮಿ.

"ಅಂಗಾ," ಎಂದ ಕೆಂಪಣ್ಣ. ಲೋಟದಲ್ಲಿದ್ದ ಕಾಫಿಯನ್ನು ನಿಧಾನವಾಗಿ ಮುಗಿಸಿ ಲೋಟ ಕೆಳಗಿಟ್ಟ. "ಕಾಪಿ ಚೆಂದಾಗದೆ ಅಕ್ಕ. ಬತ್ತೀವಿ, ನಿಮಗೆ ತೊಂದ್ರೆ ಕೊಟ್ಟಂಗಾಯ್ತು," ಎಂದು ಇಬ್ಬರೂ ಎದ್ದರು. ಜಯಲಕ್ಷ್ಮಮ್ಮ ಒಳಗೋಡಿ ಒಂದು ಚಿಪ್ಪು ಬಾಳೆಹಣ್ಣು ತಂದು ಪ್ರಮೀಳಾಳ ಚೀಲಕ್ಕೆ ತುರುಕಿದಳು.

ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ಅವರು ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ಚಿಕ್ಕಸ್ವಾಮಿ ಜಗಲಿಯ ಕಂಬದ ಮರೆಯಲ್ಲಿ ನಿಂತು, ಬಸ್ಸು ಬೇಗ ಬರಲಿ, ಬೇಗ ಬರಲಿ ಎಂದುಕೊಳ್ಳುತ್ತಿದ್ದ. ಸೌದೆ ಕೋಣೆಯ ಬಾಗಿಲ ಕೆಳಗೆ ಮಣ್ಣು ಕೊರೆದು ಮರಿ ನುಸುಳಿ ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವನು ನೋಡಿದಾಗ ಕೆಂಪಣ್ಣ ಗದ್ದೆಯ ಬದುವಿನ ಮೇಲೆ ಮನೆಯ ಕಡೆಗೆ ಬರುತ್ತಿದ್ದ. ಅವನ ತೋಳಿನ ಮೇಲೆ ಜೋಲ ಇತ್ತು. ಉದ್ದನೆಯ ಎರಡು ಕಿವಿಗಳು ಅವನ ಹೆಜ್ಜೆಗೆ ತಕ್ಕಂತೆ ಅಲ್ಲಾಡುತ್ತಿದ್ದವು.

ಊರಿನ ಯಾವ ಮನೆಯಲ್ಲೂ ಅಂಥ ಕಿವಿಯ ನಾಯಿ ಇರಲಿಲ್ಲ. ಅದು ಪಕ್ಕದ ಮನೆಯದಲ್ಲವೆಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು.

ಕೆಂಪಣ್ಣ ಅಂಗಳದಲ್ಲಿ ನಿಂತ. "ಅಣ್ಣ, ಪಕ್ಕದ ಮನೆಯೋರ ಮರಿ ರಸ್ತೆಗೆ ಬಂದ್ಬುಟ್ಟಿತ್ತು. ಕಬ್ಬಿನ ಲಾರಿ ಓಡಾಡ್ತವೆ ನೋಡಿ, ಚಕ್ರಕ್ಕೆ ಸಿಕ್ಕೀತು ಅಂತ ಎತ್ಕಂಡ್ ಬಂದೆ. ಅವ್ರ ಮನೆ ಯಾವುದೋ ಗೊತ್ತಾಗ್ನಿಲ್ಲ. ನೀವೇ ಕೊಟ್ಬುಡಿ."

ಚಿಕ್ಕಸ್ವಾಮಿ ಕೈ ಚಾಚಿದ. ಮರಿ ಅವನ ಎದೆಗೆ ಹಾರಿ, ಗದ್ದ ಕತ್ತು ಎಲ್ಲ ನೆಕ್ಕಿ, ಸಂತೋಷಕ್ಕೆ ಮೈಯೆಲ್ಲ ಕುಣಿಸಿತು. ಅಷ್ಟು ಹೊತ್ತೂ ಕೆಂಪಣ್ಣ ಮನೆಯ ಹೆಂಚಿನ ಕಡೆ ಮುಖ ಎತ್ತಿ ನಿಂತಿದ್ದ. ಆ ಕಣ್ಣಿನಲ್ಲಿ ಸಿಟ್ಟು ಕಂಡಿದ್ದರೆ ಚಿಕ್ಕಸ್ವಾಮಿ ತಡೆದುಕೊಳ್ಳುತ್ತಿದ್ದನೇನೋ. ಕೆಂಪಣ್ಣ ಬೇಕೆಂದೇ ನೋಡದೆ ನಿಂತದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಕೂಗಬೇಕು, ಕರೆಯಬೇಕು ಎಂದು ಬಾಯಿ ತೆರೆದ. ಕೆಂಪಣ್ಣ ಆಗಲೇ ಬದು ಹತ್ತಿದ್ದ. ಬಸ್ಸು ಬಂತು. ಗಂಡಹೆಂಡಿರು ಹತ್ತಿದರು. ಬಸ್ಸು ಹೋಯಿತು.

ಆ ವಾರ ಚಿಕ್ಕಸ್ವಾಮಿಗೆ ಊಟ ರುಚಿಸಲಿಲ್ಲ. ಮರಿ ಬಂದು ಕಾಲ ಮೇಲೆ ಗದ್ದವಿಟ್ಟರೆ ಕಾಲು ಎಳೆದುಕೊಳ್ಳುತ್ತಿದ್ದ, ಆಮೇಲೆ ಅದರ ತಪ್ಪೇನು ಎಂದು ಮತ್ತೆ ಹತ್ತಿರಕ್ಕೆ ಕರೆಯುತ್ತಿದ್ದ. ಡೇರಿಯಲ್ಲಿ ಕರಿಯಪ್ಪನ ಹಾಲು ಡಿಗ್ರಿ ಬರಲಿಲ್ಲ. ಅವನು ಹೇಳುವ ಮೊದಲೇ ಕರಿಯಪ್ಪ ಹಲ್ಲು ಕಿರಿದು, "ತಪ್ಪಾಯ್ತು ಕಣಣ್ಣ. ನಿನ್ ಕಣ್ಗೆ ಮಣ್ಣೆರಚಕಾಯ್ತದಾ?" ಎಂದು ಪಾತ್ರೆ ಎತ್ತಿಕೊಂಡು ಹೋದ. ಮೊದಲಾಗಿದ್ದರೆ ಚಿಕ್ಕಸ್ವಾಮಿಗೆ ಅದರಿಂದ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಈಗ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಬೈಕು ನಿಲ್ಲಿಸುತ್ತಲೇ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಆ ನಾಗಮಂಗಲದೋರು ಕೈಕೊಟ್ರಂತಲ್ರಿ!" ಎಂದರು. "ಫೋನ್ ಮಾಡಿದ್ದೆ. ಮಗಳಿಗೆ ನಾಯಿ ಕೂದಲು ಆಗಲ್ಲ ಅಂತ ಬೇಡ ಅಂದು ಬಂದ್ವಿ ಅಂದ ಕೆಂಪಣ್ಣ. ಅದನ್ನ ಮೊದಲೇ ಯೋಚನೆ ಮಾಡೋದಲ್ವಾ? ಸುಮ್ಮನೆ ಮಾತು ಕೊಡೋದು, ಆಮೇಲೆ ಇಲ್ಲ ಅನ್ನೋದು. ಮಾತಿಗೆ ನಿಲ್ಲೋ ಜನ ಅಲ್ಲ ಅವ್ರು."

ಕೆಂಪಣ್ಣ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದ. ಚಿಕ್ಕಸ್ವಾಮಿ ಹಾಲಿಗೆ ಬಿಡಬೇಕಿದ್ದ ಲ್ಯಾಕ್ಟೋಮೀಟರನ್ನು ಮೇಜಿನ ಮೇಲಿಟ್ಟ. ಸಾಲಿನಲ್ಲಿದ್ದವರೆಲ್ಲ ಅವನ ಮುಖ ನೋಡುತ್ತಿದ್ದರು. "ಹೋಗ್ಲಿ ಬುಡಿ ಡಾಕ್ಟ್ರೇ," ಎಂದ. ಇನ್ನೊಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿದ. ಜಯಲಕ್ಷ್ಮಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ನಿಮ್ ಮಗ ಇಂಗೆ ಮಾಡಿದ್ರೆ ಏನ್ ಮಾಡ್ತಿದ್ರಿ?" ಎಂದಳು.

ಅವನು ಮರಿಯ ಮೈಯಿಂದ ಒಂದು ಮುಳ್ಳು ಬಿಡಿಸಿದ.

"ಅವ್ನು ಈಜಕ್ಕೋದ ಅಂತ ಮೈಮೇಲೆ ಬಾಸುಂಡೆ ಬರಂಗೆ ಹೊಡುದ್ರಿ. ನಾನು ಅಡ್ಡ ಬಂದಿದ್ಕೆ ನನ್ನೂ ತಳ್ಳುದ್ರಿ. ಈಗ ಆ ಮಗೀಗೆ ಅವ್ರು ಏನಂತ ಯೋಳಿರ್ಬೇಕು? ಬಾಗ್ಲು ನೋಡ್ಕಂಡು ಕೂತಿತ್ತಂತಲ್ಲ."

ಮಾರನೇ ದಿನ ಬೆಳಗಿನ ಡೇರಿ ಮುಗಿದ ಮೇಲೆ ಚಿಕ್ಕಸ್ವಾಮಿ ಮರಿಯನ್ನು ಚೀಲದಲ್ಲಿ ಕೂರಿಸಿಕೊಂಡು ನಾಗಮಂಗಲದ ಬಸ್ಸು ಹತ್ತಿದ. ಬಸ್ಸಿನಲ್ಲಿ ಅದು ಚೀಲದಿಂದ ತಲೆ ಹೊರಗೆ ಹಾಕಿ ಗಾಳಿಗೆ ಮೂತಿ ಒಡ್ಡಿ ಕೂತಿತ್ತು. ಅವನು ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. 'ನಾನು ಸುಳ್ಳು ಹೇಳಿದೆ. ಕೊಡಲು ಮನಸ್ಸಾಗಲಿಲ್ಲ. ಕ್ಷಮಿಸಬೇಕು.' ಅಷ್ಟೇ. ಮೂರು ಮಾತು. ಜೀವನದಲ್ಲಿ ಯಾರಿಗೂ ಅಂಥ ಮಾತು ಹೇಳಿರಲಿಲ್ಲ, ಹೇಳುವ ಹಾಗೆ ಎಂದೂ ಆಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಲೈನ್‌ಮನ್ ಕೆಂಪಣ್ಣನ ಮನೆ ಎಂದು ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸಿದರು. ಸಣ್ಣ ಮನೆ. ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ, ದಿಂಬಿಗೆ ಒರಗಿ ಹುಡುಗಿಯೊಬ್ಬಳು ಕೂತಿದ್ದಳು. ಸಣಕಲು ಮೈ, ಎರಡು ಜಡೆ. ಅವಳು ಮೊದಲು ನೋಡಿದ್ದು ಅವನನ್ನಲ್ಲ, ಚೀಲದಿಂದ ಹೊರಗೆ ಬಿದ್ದಿದ್ದ ಕಿವಿಯನ್ನು.

"ಅಮ್ಮಾ! ಮರಿ ಬಂತು!"

ಪ್ರಮೀಳಾ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ಅವಳ ಮುಖದಲ್ಲಿ ಏನಿತ್ತೆಂದು ನೋಡಲು ಚಿಕ್ಕಸ್ವಾಮಿಗೆ ಧೈರ್ಯ ಬರಲಿಲ್ಲ. ಚೀಲ ಕೆಳಗಿಟ್ಟ. ಮರಿ ಹೊರಗೆ ಬಂದು ಚಾಪೆ ಮೂಸಿ, ಹುಡುಗಿಯ ಕಾಲು ಮೂಸಿ, ಅವಳು ಹೊದ್ದಿದ್ದ ಹೊದಿಕೆಯ ಮೇಲೆ ಹತ್ತಿತು. ಮಾನಸ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಅವನ ಕಡೆ ತಲೆ ಎತ್ತಿದಳು.

"ಜ್ವರ ಪೂರ್ತಿ ಬಿಡ್ತಾ ಮಾವ ಇದಕ್ಕೆ?"

ಅವನಿಗೆ ಅರ್ಥವಾಗಲಿಲ್ಲ.

"ಅಪ್ಪ ಹೇಳ್ತು, ಮರಿಗೂ ನನ್ನಂಗೇ ಜ್ವರ ಬಂದದೆ, ಅಲ್ಲಿ ಒಬ್ರು ಮಾವ ಚೆನ್ನಾಗಿ ನೋಡ್ಕತಾವ್ರೆ, ವಾಸಿ ಆದ್ಮೇಲೆ ಕಳಿಸ್ತಾರೆ ಅಂತ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ತಲೆ ಎತ್ತಿದ. ಮಗಳ ಬೆನ್ನ ಹಿಂದೆ ನಿಂತಿದ್ದ ಪ್ರಮೀಳಾ, ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದಳು. ನಿಜ ಹೇಳಿದರೆ ಅಪ್ಪ ಮಗಳಿಗೆ ಸುಳ್ಳು ಹೇಳಿದನೆಂದಾಗುತ್ತದೆ. ಅಪ್ಪ ಆ ಸುಳ್ಳು ಹೇಳಿದ್ದು ಇವನಿಂದಾಗಿ.

"ಬಿಡ್ತು ಕಣವ್ವ," ಎಂದ ಚಿಕ್ಕಸ್ವಾಮಿ. "ಈಗ ಚೆನ್ನಾಗದೆ."

"ನನಗೂ ಬಿಡುತ್ತೆ," ಎಂದಳು ಮಾನಸ. ಅಲ್ಲೇ ಅದಕ್ಕೆ ಚಿನ್ನು ಎಂದು ಹೆಸರಿಟ್ಟಳು.

ಊಟಕ್ಕೆ ಬಡಿಸಿದಾಗ ಅವನು ಬೇಡವೆಂದ, ಪ್ರಮೀಳಾ ಕೇಳಲಿಲ್ಲ. ಮುದ್ದೆ ಮುರಿಯುತ್ತಿದ್ದಾಗ ಕೆಂಪಣ್ಣ ಸೈಕಲ್ಲಿನಲ್ಲಿ ಬಂದ. ಹೆಗಲಿನ ಹಗ್ಗ ಇಳಿಸಿ, ಮಗಳನ್ನೂ ಮರಿಯನ್ನೂ ನೋಡಿ, ಆಮೇಲೆ ಇವನನ್ನು ನೋಡಿದ. ಚಿಕ್ಕಸ್ವಾಮಿ ಎಂಜಲು ಕೈಯಲ್ಲೇ ಎದ್ದು ನಿಂತ.

"ಕೂತ್ಕಳಿ ಅಣ್ಣ. ಊಟ ಬುಟ್ಟು ಏಳ್ಬೇಡಿ."

ಹಿತ್ತಿಲಿನಲ್ಲಿ ಕೈ ತೊಳೆಯುವಾಗ ಇಬ್ಬರೇ ಆದರು. ಕೆಂಪಣ್ಣ ಚೊಂಬಿನಿಂದ ನೀರು ಹಾಕುತ್ತಿದ್ದ. "ಕೆಂಪಣ್ಣ, ಅವತ್ತು ನಾನು—" ಎಂದು ಚಿಕ್ಕಸ್ವಾಮಿ ಶುರುಮಾಡಿದ.

"ಗೊತ್ತಾಯ್ತದೆ ಬುಡಿ. ನನ್ ಮನೇಲಿ ಅಷ್ಟು ದಿನ ಇದ್ದಿದ್ರೆ ನಾನೂ ಕೊಡ್ತಿರ್ನಿಲ್ಲ."

"ಎರಡು ಮಾತು ಬೈದುಬುಡಪ್ಪ. ಬೈಸ್ಕಳಕ್ಕೇ ಬಂದೆ."

ಕೆಂಪಣ್ಣ ಚೊಂಬು ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟ. "ಒರೆಸ್ಕಳಿ," ಎಂದ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ಸೀಟು ಹಿಡಿದು ಕೂರಿಸಿದ.

ಡಾಕ್ಟರಿಗೆ ಚಿಕ್ಕಸ್ವಾಮಿ ತಾನಾಗಿ ಹೋಗಿ ಎಲ್ಲ ಹೇಳಿದ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಅಯ್ಯೋ, ಅವರನ್ನ ನಾನು ಎಲ್ಲರ ಎದುರಿಗೆ ಅಂದ್ನಲ್ರಿ," ಎಂದರು. ಆ ಮಾತು ಅವನನ್ನು ಬಿಡಲಿಲ್ಲ. ಅವತ್ತೇ ಸಂಜೆ ಡೇರಿಯಲ್ಲಿ ಸಾಲು ಪೂರ್ತಿ ಬರುವವರೆಗೆ ಕಾದು, "ಲೋ, ಎಲ್ರೂ ಕೇಳ್ರಪ್ಪ. ನಾಗಮಂಗಲದೋರ್ದು ಏನೂ ತಪ್ಪಿಲ್ಲ. ಮರಿ ಮನೇಲಿ ಮಡಿಕ್ಕಂಡು ಇಲ್ಲ ಅಂದೋನು ನಾನು. ಸುಳ್ಳೇಳ್ದೋನು ನಾನು," ಎಂದ.

ಯಾರೂ ನಂಬಲಿಲ್ಲ. ಕರಿಯಪ್ಪ ನಕ್ಕ. ಹಾಲಿನ ಕ್ಯಾನು ಹಿಡಿದು ನಿಂತಿದ್ದ ದೊಡ್ಡತಾಯಮ್ಮ, "ನೋಡ್ರವ್ವ, ಎಂಥ ಮನುಸ. ಬೇರೆಯೋರ ತಪ್ಪ ತನ್ ಮೇಲಾಕ್ಕತಾನೆ. ಅವ್ರ ಹೆಸ್ರು ಕೆಡಬಾರ್ದು ಅಂತ," ಎಂದಳು. ಉಳಿದವರು ತಲೆದೂಗಿದರು. ಚಿಕ್ಕಸ್ವಾಮಿ "ನಿಜ ಕಣಮ್ಮ, ನಿಜ" ಎಂದಷ್ಟೂ ಅವರು ಅದನ್ನು ಅವನ ದೊಡ್ಡತನವೆಂದೇ ತಿಳಿದರು. ಕೊನೆಗೆ ಅವನು ತಲೆ ತಗ್ಗಿಸಿ ಮುಂದಿನವರ ಪಾತ್ರೆಗೆ ಕೈ ಚಾಚಿದ. ಆ ಕಥೆ ಊರಿನಲ್ಲಿ ಅವನ ಒಳ್ಳೆಯತನದ ಕಥೆಯಾಗಿ ನಿಂತಿತು. ಮದುವೆ ಮನೆಗಳಲ್ಲಿ ಯಾರಾದರೂ ಅದನ್ನು ಹೇಳಲು ಶುರುಮಾಡಿದರೆ ಅವನು ಎಲೆಯಡಿಕೆ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಮಾನಸ ಮರುವರ್ಷ ಜೂನಿನಲ್ಲಿ ಸ್ಕೂಲಿಗೆ ಹೋಗತೊಡಗಿದಳು. ಚಿನ್ನು ಆ ಮನೆಯಲ್ಲೇ ಬೆಳೆಯಿತು. ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದು ಕೆಂಪಣ್ಣ ಬಸ್ಸಿನವರ ಕೈಯಲ್ಲಿ ಎಷ್ಟೋ ಸಲ ಹೇಳಿ ಕಳಿಸಿದ. ಚಿಕ್ಕಸ್ವಾಮಿ ಹೋಗಲಿಲ್ಲ. ಆದಿಚುಂಚನಗಿರಿಗೆ ಹೋಗುವಾಗಲೆಲ್ಲ ನಾಗಮಂಗಲದಲ್ಲಿ ಬಸ್ಸು ನಿಲ್ಲುತ್ತಿತ್ತು. ಜಯಲಕ್ಷ್ಮಮ್ಮ ಅಲ್ಲೇ ಇಳಿದು, "ನೋಡ್ಕಂಡು ಮುಂದಿನ ಬಸ್ಸಿಗೆ ಬತ್ತೀನಿ, ನೀವೂ ಬನ್ನಿ," ಎನ್ನುತ್ತಿದ್ದಳು. ಅವನು ಸೀಟಿನಿಂದ ಏಳುತ್ತಿರಲಿಲ್ಲ. ಕೆಂಪಣ್ಣ ಎಲ್ಲಾದರೂ ಕಂಡುಬಿಟ್ಟಾನೆಂದು ಬಸ್ಸು ಹೊರಡುವವರೆಗೆ ಕಿಟಕಿಯ ಶಟರ್ ಇಳಿಸಿಕೊಂಡು ಕೂತಿರುತ್ತಿದ್ದ.